ತೂಕ ಇಳಿದ ಮೇಲೆ ಉಳಿಯುವ ಪ್ರಶ್ನೆಗಳು

ಹಿಂದಿನ ಸಂಚಿಕೆಯೊಂದರಲ್ಲಿ ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ಕುರಿತು ಓದುಗರೊಬ್ಬರು ಕೇಳಿದ್ದ ಪ್ರಶ್ನೆಗೆ ಚಿಕ್ಕ ಉತ್ತರ ಬರೆದಿದ್ದೆ. ಆಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಶಸ್ತ್ರಚಿಕಿತ್ಸೆಯನ್ನು ಈಗಾಗಲೇ ಮಾಡಿಸಿಕೊಂಡವರು ಬರೆದವು. ತೂಕ ಇಳಿದಿದೆ, ಕಾಯಿಲೆಗಳು ಹಿಡಿತಕ್ಕೆ ಬಂದಿವೆ, ಆದರೂ ತಟ್ಟೆಯ ಮುಂದೆ ಕುಳಿತಾಗ ಅಥವಾ ಕನ್ನಡಿಯ ಮುಂದೆ ನಿಂತಾಗ ಆಗುವ ತಳಮಳವನ್ನು ಯಾರ ಬಳಿ ಹೇಳಿಕೊಳ್ಳುವುದು ಎಂದು ತಿಳಿಯದೆ ಅವರು ಬರೆದಿದ್ದಾರೆ. "ಇದನ್ನು ಇದುವರೆಗೆ ಯಾರಿಗೂ ಹೇಳಿಲ್ಲ" ಎಂಬ ಮಾತು ಎಷ್ಟು ಪತ್ರಗಳಲ್ಲಿ ಇದೆಯೆಂದರೆ, ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಅವರಿಗೇ ಮೀಸಲಿಡುವುದು ನ್ಯಾಯವೆನಿಸಿತು. ಬರೆದವರ ಹೆಸರು ಮತ್ತು ಗುರುತು ಸಿಗುವ ವಿವರಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ನನಗೆ 38 ವರ್ಷ. ನಾಲ್ಕು ತಿಂಗಳ ಹಿಂದೆ ಸ್ಲೀವ್ ಶಸ್ತ್ರಚಿಕಿತ್ಸೆ ಆಯಿತು. 24 ಕಿಲೋ ಇಳಿದಿದ್ದೇನೆ, ಸಕ್ಕರೆ ಕಾಯಿಲೆಯ ಮಾತ್ರೆ ನಿಂತಿದೆ. ಮನೆಯವರೆಲ್ಲ ಸಂತೋಷವಾಗಿದ್ದಾರೆ. ಆದರೆ ಊಟಕ್ಕೆ ಕುಳಿತರೆ ನನಗೆ ಅಳು ಬರುತ್ತದೆ. ನಾಲ್ಕು ಚಮಚಕ್ಕೆ ಹೊಟ್ಟೆ ತುಂಬುತ್ತದೆ, ಹಸಿವು ಎಂಬುದೇ ಇಲ್ಲ. ಆದರೂ ರಾತ್ರಿ ಮಲಗಿಕೊಂಡು ಅಡುಗೆಯ ವಿಡಿಯೋಗಳನ್ನು ನೋಡುತ್ತೇನೆ, ನಾನು ತಿನ್ನಲಾಗದ್ದನ್ನೆಲ್ಲ ಮಾಡಿ ಮನೆಯವರಿಗೆ ಬಡಿಸುತ್ತೇನೆ. ಬೇಕೆಂದು ಬಯಸಿ ಪಡೆದುಕೊಂಡದ್ದಕ್ಕೆ ಅಳುವುದು ಕೃತಘ್ನತೆಯಲ್ಲವೇ?

ಉತ್ತರ: ಕೃತಘ್ನತೆ ಎಂಬ ಪದವನ್ನು ಮೊದಲು ಪಕ್ಕಕ್ಕಿಡಿ. ನೀವು ಏನನ್ನೋ ಕಳೆದುಕೊಂಡಿದ್ದೀರಿ, ಅದಕ್ಕಾಗಿ ದುಃಖಿಸುತ್ತಿದ್ದೀರಿ. ಕಳೆದುಕೊಂಡದ್ದು ನಿಮ್ಮ ಆರೋಗ್ಯಕ್ಕೆ ಒಳ್ಳೆಯದನ್ನು ಮಾಡುತ್ತಿರಲಿಲ್ಲ ಎಂಬ ಮಾತ್ರಕ್ಕೆ ದುಃಖ ಸುಳ್ಳಾಗುವುದಿಲ್ಲ. ಬಹಳಷ್ಟು ಜನರಿಗೆ ಊಟವು ದಿನದ ಆಯಾಸ ಇಳಿಸುವ ಜೊತೆಗಾರನೂ ಕೋಪ ನುಂಗುವ ದಾರಿಯೂ ಹಬ್ಬದ ಸಂಭ್ರಮವೂ ಆಗಿರುತ್ತದೆ. ಬಾಲ್ಯದಿಂದ ಜೊತೆಗಿದ್ದ ಆ ಸಮಾಧಾನದ ಬಾಗಿಲು ಒಂದೇ ಬೆಳಗಿನಲ್ಲಿ ಮುಚ್ಚಿದಾಗ, ಅದರ ಹಿಂದೆ ಅಡಗಿದ್ದ ಒಂಟಿತನ ಮತ್ತು ಬೇಸರ ನೇರವಾಗಿ ಎದುರಿಗೆ ಬಂದು ನಿಲ್ಲುತ್ತವೆ. ನೀವು ಅಳುತ್ತಿರುವುದು ಅನ್ನಕ್ಕಾಗಿ ಎಂದು ನಿಮಗೆ ಅನ್ನಿಸುತ್ತಿರಬಹುದು. ಆ ಅನ್ನ ಇಷ್ಟು ವರ್ಷ ಯಾವುದನ್ನು ಮರೆಸಿತ್ತು ಎಂಬುದನ್ನೂ ನಿಧಾನವಾಗಿ ನೋಡಿಕೊಳ್ಳಬೇಕಾಗುತ್ತದೆ.

ದೇಹದಲ್ಲಿ ಆಗಿರುವುದನ್ನೂ ತಿಳಿದುಕೊಳ್ಳಿ. ಸ್ಲೀವ್ ವಿಧಾನದಲ್ಲಿ ಜಠರದ ಸುಮಾರು ಶೇಕಡಾ 80 ಭಾಗವನ್ನು ತೆಗೆದುಹಾಕಿ, ಉಳಿದದ್ದನ್ನು ಬಾಳೆಹಣ್ಣಿನ ಆಕಾರದ ಕೊಳವೆಯಂತೆ ಬಿಡುತ್ತಾರೆ. ಹಸಿವನ್ನು ಮೆದುಳಿಗೆ ತಿಳಿಸುವ ಗ್ರೆಲಿನ್ ಎಂಬ ಹಾರ್ಮೋನು ಹೆಚ್ಚಾಗಿ ತಯಾರಾಗುವುದು ತೆಗೆದುಹಾಕಿದ ಆ ಮೇಲ್ಭಾಗದಲ್ಲೇ. ಅದರೊಂದಿಗೆ ಆಹಾರ ಬೇಗನೆ ಕರುಳು ಸೇರುವುದರಿಂದ, ಹೊಟ್ಟೆ ತುಂಬಿತು ಎಂದು ಹೇಳುವ ಜಿಎಲ್‌ಪಿ-1 ಮುಂತಾದ ಹಾರ್ಮೋನುಗಳು ಹೆಚ್ಚುತ್ತವೆ. ಹೀಗಾಗಿ ಹೊಟ್ಟೆಯ ಹಸಿವು ತಣ್ಣಗಾಗಿದೆ, ಆದರೆ ಬಾಯಿಯ ಹಸಿವು ಮತ್ತು ಮನಸ್ಸಿನ ಹಸಿವು ಹಾಗೆಯೇ ಉಳಿದಿವೆ. ಈ ಮೂರೂ ಬೇರೆ ಬೇರೆ ಎಂಬುದು ಹೆಚ್ಚಿನವರಿಗೆ ಮೊದಲ ಬಾರಿಗೆ ಗೊತ್ತಾಗುವುದೇ ಶಸ್ತ್ರಚಿಕಿತ್ಸೆಯ ನಂತರ.

ಅಡುಗೆಯ ವಿಡಿಯೋಗಳ ಬಗ್ಗೆ ನೀವು ನಾಚಿಕೆಯಿಂದ ಬರೆದಿದ್ದೀರಿ. 1944-45ರಲ್ಲಿ ಅಮೆರಿಕದ ಮಿನೆಸೋಟಾದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ಆರೋಗ್ಯವಂತ ಯುವಕರಿಗೆ ಆರು ತಿಂಗಳ ಕಾಲ ಅರೆಹೊಟ್ಟೆಯ ಊಟ ಕೊಟ್ಟು ಅಧ್ಯಯನ ನಡೆಸಿದ್ದರು. ಊಟದ ಬಗ್ಗೆ ಅಂಥ ಆಸಕ್ತಿಯೇ ಇಲ್ಲದಿದ್ದ ಆ ಯುವಕರು ಕೆಲವೇ ವಾರಗಳಲ್ಲಿ ಅಡುಗೆ ಪುಸ್ತಕಗಳನ್ನು ಓದತೊಡಗಿದರು, ಊಟದ ಮಾತನ್ನೇ ಆಡತೊಡಗಿದರು, ಕನಸಿನಲ್ಲೂ ಊಟವನ್ನೇ ಕಂಡರು. ನಿಮ್ಮ ಸ್ಥಿತಿ ಅವರದ್ದಕ್ಕಿಂತ ಬೇರೆ, ಏಕೆಂದರೆ ನಿಮ್ಮ ಹಸಿವಿನ ಹಾರ್ಮೋನು ಕಡಿಮೆಯಾಗಿದೆ. ಆದರೂ ದೇಹಕ್ಕೆ ಬರುವ ಆಹಾರ ತೀರಾ ಇಳಿದಾಗ ಮನಸ್ಸು ಊಟದ ಸುತ್ತಲೇ ಸುತ್ತುವುದು ಮನುಷ್ಯ ಸಹಜವೆಂದು ಅದರಿಂದ ತಿಳಿಯಬಹುದು. ಇದನ್ನು ದುರಾಸೆ ಎಂದುಕೊಳ್ಳಬೇಡಿ. ಬಡಿಸುವುದನ್ನು ಮಾತ್ರ ಕೆಲವು ವಾರ ಬೇರೆಯವರಿಗೆ ಬಿಟ್ಟುಕೊಡಿ. ನೀವು ತಿನ್ನಲಾಗದ್ದನ್ನು ಮಾಡಿ ಬಡಿಸಿ ಎದುರಿಗೆ ಕುಳಿತು ನೋಡುವುದು ಗಾಯವನ್ನು ದಿನವೂ ಕೆದಕಿದಂತೆ.

ಇನ್ನೊಂದು ವಿಷಯವನ್ನು ಒತ್ತಿ ಹೇಳಬೇಕು. ಅಳು ಊಟದ ಹೊತ್ತಿಗಷ್ಟೇ ನಿಲ್ಲದೆ ದಿನವಿಡೀ ಹರಡಿದರೆ, ನಿದ್ರೆ ಕೆಟ್ಟರೆ, ಬದುಕು ಸಾಕೆನಿಸಿದರೆ, ಅದನ್ನು "ಹೊಂದಿಕೊಳ್ಳುವ ಕಾಲ" ಎಂದು ಸಹಿಸಿಕೊಳ್ಳಬಾರದು. ಈ ಶಸ್ತ್ರಚಿಕಿತ್ಸೆಯ ನಂತರದ ವರ್ಷಗಳಲ್ಲಿ ಖಿನ್ನತೆ ಮರುಕಳಿಸುವುದನ್ನೂ ತಮಗೆ ತಾವೇ ಹಾನಿ ಮಾಡಿಕೊಳ್ಳುವ ಪ್ರಯತ್ನಗಳು ಹೆಚ್ಚುವುದನ್ನೂ ಒಂದಕ್ಕಿಂತ ಹೆಚ್ಚು ಅಧ್ಯಯನಗಳು ಗಮನಿಸಿವೆ. ಅಂಥ ಯೋಚನೆ ಬಂದ ದಿನವೇ ಮನೆಯಲ್ಲಿ ಒಬ್ಬರಿಗೆ ಹೇಳಿ, ಮನೋವೈದ್ಯರನ್ನು ಕಾಣಿ. ನೀವು ಮೊದಲಿಂದ ಖಿನ್ನತೆಯ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಜಠರ ಮತ್ತು ಕರುಳಿನ ರಚನೆ ಬದಲಾದ ಮೇಲೆ ಅದು ಮೊದಲಿನಂತೆ ರಕ್ತಕ್ಕೆ ಸೇರದಿರಬಹುದು. ನಿಧಾನವಾಗಿ ಕರಗುವಂತೆ ತಯಾರಿಸಿದ ಮಾತ್ರೆಗಳಲ್ಲಿ ಈ ಸಾಧ್ಯತೆ ಹೆಚ್ಚು. ಪ್ರಮಾಣವನ್ನು ಮರುಪರಿಶೀಲಿಸುವಂತೆ ವೈದ್ಯರನ್ನು ನೀವೇ ಕೇಳಿ.

ಪ್ರಶ್ನೆ: ಬೈಪಾಸ್ ವಿಧಾನದ ಶಸ್ತ್ರಚಿಕಿತ್ಸೆಯಾಗಿ ಎರಡೂವರೆ ವರ್ಷವಾಯಿತು. 128 ಕಿಲೋ ಇದ್ದವನು 84ಕ್ಕೆ ಇಳಿದಿದ್ದೆ. ಈಗ 92 ಆಗಿದ್ದೇನೆ. ಊಟ ಹೆಚ್ಚು ಮಾಡುವುದಿಲ್ಲ, ಮಾಡಲು ಆಗುವುದೂ ಇಲ್ಲ. ಆದರೆ ಸಂಜೆ ಕೆಲಸದಿಂದ ಬಂದಾಗಿನಿಂದ ಮಲಗುವವರೆಗೆ ಬಿಸ್ಕತ್ತು, ಚಿಪ್ಸ್, ಐಸ್‌ಕ್ರೀಮ್ ಎಂದು ಸ್ವಲ್ಪ ಸ್ವಲ್ಪ ಬಾಯಾಡಿಸುತ್ತಲೇ ಇರುತ್ತೇನೆ. ನಿಲ್ಲಿಸಬೇಕೆಂದರೂ ಕೈ ನಿಲ್ಲುವುದಿಲ್ಲ. ಆಸ್ಪತ್ರೆಯ ತಪಾಸಣೆಗೆ ಹೋಗಿ ಒಂದು ವರ್ಷವಾಯಿತು. ತೂಕದ ಯಂತ್ರದ ಮೇಲೆ ಅವರ ಎದುರು ನಿಲ್ಲಲು ಮುಖವಿಲ್ಲ.

ಉತ್ತರ: ನಿಮ್ಮ ಪತ್ರದ ಕೊನೆಯ ವಾಕ್ಯದಿಂದಲೇ ಆರಂಭಿಸುತ್ತೇನೆ, ಏಕೆಂದರೆ ನನ್ನ ಪ್ರಕಾರ ನಿಮಗೆ ಎಂಟು ಕಿಲೋಗಿಂತ ದೊಡ್ಡ ಅಪಾಯ ಅದರಲ್ಲಿದೆ. ತೂಕ ಏರಿತೆಂದು ತಪಾಸಣೆ ತಪ್ಪಿಸುವವರಿಗೆ ಕಬ್ಬಿಣಾಂಶ, ಬಿ12, ಡಿ ಜೀವಸತ್ವ, ಕ್ಯಾಲ್ಸಿಯಂಗಳ ರಕ್ತಪರೀಕ್ಷೆಯೂ ತಪ್ಪುತ್ತದೆ. ಬೈಪಾಸ್ ಆದವರು, ಅಂದರೆ ಜಠರದ ಮೇಲ್ಭಾಗದಲ್ಲಿ ಚಿಕ್ಕ ಚೀಲ ಮಾಡಿ ಅದನ್ನು ನೇರವಾಗಿ ಸಣ್ಣಕರುಳಿಗೆ ಜೋಡಿಸಿಕೊಂಡವರು, ಬದುಕಿರುವವರೆಗೂ ಈ ಪೂರಕಗಳನ್ನು ಸೇವಿಸಬೇಕು, ವರ್ಷಕ್ಕೊಮ್ಮೆಯಾದರೂ ಪರೀಕ್ಷಿಸಿಕೊಳ್ಳಬೇಕು. ಕೊರತೆ ಮೆಲ್ಲಗೆ ಬೆಳೆದು, ಆಯಾಸ ಮತ್ತು ಮಂಕುತನದ ರೂಪದಲ್ಲಿ ಬಂದು, ಅದನ್ನು ಮನಸ್ಸಿನ ದೌರ್ಬಲ್ಯವೆಂದು ನಾವೇ ತಪ್ಪಾಗಿ ತಿಳಿಯುವಂತೆ ಮಾಡುತ್ತದೆ. ಈ ವಾರವೇ ಸಮಯ ಕೇಳಿ ಇಟ್ಟುಕೊಳ್ಳಿ. ಹೋದಾಗ ಯಂತ್ರ ಹತ್ತುವ ಮೊದಲೇ "ತೂಕ ಏರಿದೆ, ನಾಚಿಕೆಯಿಂದ ಬಂದಿರಲಿಲ್ಲ" ಎಂದು ಹೇಳಿಬಿಡಿ. ಆ ಕೋಣೆಯಲ್ಲಿ ಈ ಮಾತನ್ನು ಮೊದಲು ಹೇಳುತ್ತಿರುವವರು ನೀವಾಗಿರುವುದಿಲ್ಲ.

ಇನ್ನು ತೂಕದ ಲೆಕ್ಕ. ಸ್ವೀಡನ್ನಿನಲ್ಲಿ 1987ರಲ್ಲಿ ಆರಂಭವಾದ ದೀರ್ಘ ಅಧ್ಯಯನವೊಂದು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಸುಮಾರು ಎರಡು ಸಾವಿರ ಜನರನ್ನು, ಮಾಡಿಸಿಕೊಳ್ಳದ ಅಷ್ಟೇ ಜನರೊಂದಿಗೆ ಹೋಲಿಸಿ ನೋಡಿತು. ಅದರಲ್ಲಿ ಬೈಪಾಸ್ ಆದವರು ಮೊದಲ ಒಂದೆರಡು ವರ್ಷಗಳಲ್ಲಿ ಸರಾಸರಿ ಶೇಕಡಾ 32ರಷ್ಟು ತೂಕ ಕಳೆದುಕೊಂಡಿದ್ದರು. ಹತ್ತು ವರ್ಷಗಳ ಹೊತ್ತಿಗೆ ಆ ಇಳಿಕೆ ಶೇಕಡಾ 25ಕ್ಕೆ ಬಂದು ನಿಂತಿತ್ತು. ಅಂದರೆ ಕೆಳಗಿನ ಅಂಕಿಯನ್ನು ಮುಟ್ಟಿ ಸ್ವಲ್ಪ ಮೇಲೆ ಬರುವುದು ಈ ಚಿಕಿತ್ಸೆಯ ಸಾಮಾನ್ಯ ದಾರಿ. ಹಾಗೆ ಮೇಲೆ ಬಂದವರೂ ಸೇರಿದಂತೆ, ಶಸ್ತ್ರಚಿಕಿತ್ಸೆಯಾದ ಗುಂಪಿನಲ್ಲಿ ಸಾವಿನ ಪ್ರಮಾಣ ಇನ್ನೊಂದು ಗುಂಪಿಗಿಂತ ಕಡಿಮೆಯಿತ್ತೆಂದು 2007ರಲ್ಲಿ ಪ್ರಕಟವಾಯಿತು. ನಿಮ್ಮ ಇಳಿಕೆ ಶೇಕಡಾ 34 ಇದ್ದದ್ದು ಈಗ 28ರ ಸುಮಾರಿಗೆ ಬಂದಿದೆ. ಇದನ್ನು ಸೋಲು ಎಂದು ಕರೆಯಲು ನಾನು ಒಪ್ಪುವುದಿಲ್ಲ. ಆದರೆ ಎರಡೂವರೆ ವರ್ಷಕ್ಕೇ ಹೀಗಾಗಿರುವುದರಿಂದ ಮತ್ತು ಕೈ ನಿಲ್ಲುವುದಿಲ್ಲ ಎಂದು ನೀವೇ ಹೇಳುತ್ತಿರುವುದರಿಂದ, ಅಲಕ್ಷಿಸುವಂತೆಯೂ ಇಲ್ಲ.

ಬಾಯಾಡಿಸುವುದು ಎಂಬ ಸರಿಯಾದ ಪದವನ್ನೇ ಬಳಸಿದ್ದೀರಿ. ಬೈಪಾಸ್‌ನಲ್ಲಿ ಉಳಿಯುವ ಹೊಟ್ಟೆಚೀಲ ಸುಮಾರು 30 ಮಿಲಿಲೀಟರಿನಷ್ಟು ಚಿಕ್ಕದು. ಒಮ್ಮೆಲೇ ಹೆಚ್ಚು ತಿನ್ನುವುದನ್ನು ಅದು ತಡೆಯುತ್ತದೆ, ಸ್ವಲ್ಪ ಸ್ವಲ್ಪವಾಗಿ ಮೂರು ಗಂಟೆ ತಿನ್ನುವುದನ್ನು ತಡೆಯಲಾರದು. ಅದರಲ್ಲೂ ಬಿಸ್ಕತ್ತು, ಚಿಪ್ಸ್, ಐಸ್‌ಕ್ರೀಮ್‌ಗಳು ಬಾಯಲ್ಲೇ ಕರಗಿ ಚೀಲದಲ್ಲಿ ನಿಲ್ಲದೆ ಜಾರಿಹೋಗುತ್ತವೆ, ಆದ್ದರಿಂದ ತುಂಬಿದ ಭಾವವೇ ಬರುವುದಿಲ್ಲ. ಮೊಟ್ಟೆ, ಮೀನು, ಬೇಯಿಸಿದ ಕಾಳುಗಳಂಥ ಗಟ್ಟಿ ಪ್ರೋಟೀನು ಚೀಲದಲ್ಲಿ ನಿಲ್ಲುತ್ತದೆ. ನಿಮ್ಮ ಕೈ ಜಾರುವ ತಿನಿಸನ್ನೇ ಹುಡುಕುತ್ತಿರುವುದಕ್ಕೆ ಅದು ಸುಲಭವಾಗಿ ಒಳಗೆ ಹೋಗುತ್ತದೆ ಎಂಬುದೂ ಒಂದು ಕಾರಣ.

ಮುಂದಿನ ಏಳು ದಿನ ಏನನ್ನೂ ಬಿಡಬೇಡಿ, ಕ್ಯಾಲೊರಿಯನ್ನೂ ಎಣಿಸಬೇಡಿ. ಒಂದು ಪುಟ್ಟ ಪುಸ್ತಕದಲ್ಲಿ, ಬಾಯಾಡಿಸಲು ಎದ್ದ ಪ್ರತಿ ಸಲವೂ ಅದಕ್ಕೆ ಹತ್ತು ನಿಮಿಷ ಮುಂಚೆ ಏನಾಗಿತ್ತು, ಹಗಲು ಏನು ತಿಂದಿದ್ದಿರಿ ಎಂಬುದನ್ನಷ್ಟೇ ಬರೆಯಿರಿ. ಎರಡರಲ್ಲೊಂದು ಸಾಮಾನ್ಯವಾಗಿ ಹೊರಬರುತ್ತದೆ. ಹಗಲಿನ ಊಟವನ್ನು ಕೆಲಸದ ಗಡಿಬಿಡಿಯಲ್ಲಿ ಬಿಟ್ಟವರಿಗೆ ಸಂಜೆ ಬರುವುದು ನಿಜವಾದ ಹಸಿವು. ಅಂಥವರು ಹಗಲಿನ ಹೊತ್ತುಗಳನ್ನು ಗಟ್ಟಿ ಮಾಡಿಕೊಂಡರೆ ಸಂಜೆಯ ಅರ್ಧ ತೊಂದರೆ ತಾನಾಗಿ ಇಳಿಯುತ್ತದೆ. ಹಗಲು ಚೆನ್ನಾಗಿ ತಿಂದೂ ಸಂಜೆ ಕೈ ನಿಲ್ಲದವರಿಗೆ ಅದು ಕೆಲಸದಿಂದ ಹೊತ್ತು ತಂದ ಒತ್ತಡ, ಅಥವಾ ಬಾಗಿಲು ತೆರೆದಾಗ ಎದುರಾಗುವ ಖಾಲಿ ಮನೆ. ಇಂಥವರಿಗೆ ಪಥ್ಯದ ಪಟ್ಟಿಯಿಂದ ಪ್ರಯೋಜನ ಕಡಿಮೆ. ಅರಿವು ಮತ್ತು ವರ್ತನೆಯ ಮೇಲೆ ಕೆಲಸ ಮಾಡುವ ಆಪ್ತಸಮಾಲೋಚನೆಯಿಂದ ಹೆಚ್ಚು ನೆರವಾಗುತ್ತದೆ. ಹಿಡಿತ ತಪ್ಪಿ ತಿನ್ನುವುದು ಮನೋವೈದ್ಯಕೀಯದಲ್ಲಿ ಗುರುತಿಸಿರುವ, ಚಿಕಿತ್ಸೆಯಿರುವ ತೊಂದರೆ. ತಿಂದ ಪ್ರಮಾಣ ಚಿಕ್ಕದಿದ್ದರೂ ನಿಲ್ಲಿಸಲಾಗಲಿಲ್ಲ ಎಂಬ ಭಾವ ಇದ್ದರೆ ಅದನ್ನು ಗಂಭೀರವಾಗಿ ನೋಡುತ್ತಾರೆ.

ವೈದ್ಯರು ನೋಡಬೇಕಾದ ಬೇರೆ ಕಾರಣಗಳೂ ಇವೆ. ಕೆಲವು ಖಿನ್ನತೆಯ ಮಾತ್ರೆಗಳು, ಸ್ಟೀರಾಯ್ಡ್‌ಗಳು ಮತ್ತು ಇನ್ಸುಲಿನ್ ತೂಕ ಏರಿಸುತ್ತವೆ. ಥೈರಾಯ್ಡ್ ಕುಂದಿರಬಹುದು. ಹೊಟ್ಟೆಚೀಲ ಹಿಗ್ಗಿರಬಹುದು. ಲಿರಾಗ್ಲುಟೈಡ್, ಸೆಮಾಗ್ಲುಟೈಡ್‌ನಂಥ ಹೊಸ ಔಷಧಿಗಳನ್ನು ಶಸ್ತ್ರಚಿಕಿತ್ಸೆಯ ನಂತರ ತೂಕ ಮರಳಿದವರಿಗೂ ವೈದ್ಯರು ಕೊಡುತ್ತಿದ್ದಾರೆ. ಇವುಗಳ ಮಾತು ಎದ್ದೇಳಬೇಕಾದರೆ ನೀವು ಆ ಕೋಣೆಯೊಳಗೆ ಹೋಗಬೇಕು.

ಪ್ರಶ್ನೆ: ಬೈಪಾಸ್ ಆಗಿ ಒಂದೂವರೆ ವರ್ಷ. ಕೆಲವು ದಿನ ಊಟವಾಗಿ ಎರಡು ಗಂಟೆಗೆ ಕೈ ನಡುಗುತ್ತದೆ, ಬೆವರುತ್ತೇನೆ, ಎದೆ ಹೊಡೆದುಕೊಳ್ಳುತ್ತದೆ, ಏನೋ ಆಗಿಬಿಡುತ್ತದೆ ಎಂಬ ಭಯ. ಆತಂಕದ ಕಾಯಿಲೆ ಎಂದು ಮಾತ್ರೆ ಕೊಟ್ಟಿದ್ದಾರೆ. ಈಗ ತಿನ್ನಲೇ ಹೆದರಿಕೆ.

ಉತ್ತರ: ಆತಂಕವೇ ಇರಬಹುದು, ಆದರೆ ಹಾಗೆಂದು ತೀರ್ಮಾನಿಸುವ ಮೊದಲು ಆ ಹೊತ್ತಿನ ರಕ್ತದ ಸಕ್ಕರೆಯನ್ನು ಅಳೆಯಲೇಬೇಕು. ಬೈಪಾಸ್ ನಂತರ ಆಹಾರ ಜಠರದಲ್ಲಿ ನಿಲ್ಲದೆ ನೇರವಾಗಿ ಸಣ್ಣಕರುಳಿಗೆ ಸುರಿಯುವುದರಿಂದ ಡಂಪಿಂಗ್ ಎಂಬ ತೊಂದರೆ ಬರುತ್ತದೆ. ಅದರಲ್ಲಿ ಎರಡು ಬಗೆ. ತಿಂದ ಹತ್ತು ನಿಮಿಷದಿಂದ ಒಂದು ಗಂಟೆಯೊಳಗೆ ಹೊಟ್ಟೆ ನುಲಿತ, ಭೇದಿ, ತಲೆಸುತ್ತು ಬಂದರೆ ಅದು ಮೊದಲ ಬಗೆ. ಒಂದರಿಂದ ಮೂರು ಗಂಟೆಯ ನಂತರ ನಡುಕ, ಬೆವರು, ಎದೆಬಡಿತ, ಗೊಂದಲ ಬಂದರೆ ಎರಡನೆಯದು. ಸಿಹಿ ಅಥವಾ ಮೈದಾದಂಥ ಪಿಷ್ಟ ಒಮ್ಮೆಲೇ ರಕ್ತಕ್ಕೆ ಸೇರಿ ಇನ್ಸುಲಿನ್ ಅತಿಯಾಗಿ ಸುರಿದು, ಸಕ್ಕರೆ ಅಗತ್ಯಕ್ಕಿಂತ ಕೆಳಗೆ ಬೀಳುವುದರಿಂದ ಹೀಗಾಗುತ್ತದೆ. ಶಸ್ತ್ರಚಿಕಿತ್ಸೆಯಾದ ಕೂಡಲೇ ಕಾಣಿಸದೆ, ಒಂದು ವರ್ಷ ಕಳೆದ ಮೇಲೆ ತಲೆಯೆತ್ತುವುದು ಇದರ ಸ್ವಭಾವ. ನೀವು ಬರೆದಿರುವ ಲಕ್ಷಣಗಳೂ ಹೊತ್ತೂ ಇದಕ್ಕೇ ಹೆಚ್ಚು ಹೊಂದುತ್ತವೆ.

ಮನೆಯಲ್ಲಿ ಗ್ಲೂಕೋಮೀಟರ್ ಇಟ್ಟುಕೊಂಡು ನಡುಕ ಬಂದ ಕ್ಷಣದಲ್ಲೇ ಅಳೆದು ಬರೆದಿಡಿ. 70 ಮಿಲಿಗ್ರಾಮಿಗಿಂತ ಕೆಳಗಿದ್ದರೆ ಗ್ಲೂಕೋಸ್ ಮಾತ್ರೆಯನ್ನೋ ಒಂದಿಷ್ಟು ಸಕ್ಕರೆಯನ್ನೋ ತೆಗೆದುಕೊಂಡು, ಚೇತರಿಸಿಕೊಂಡ ಮೇಲೆ ಸ್ವಲ್ಪ ಪ್ರೋಟೀನು ತಿನ್ನಿ. ಬರೀ ಸಿಹಿಯಲ್ಲಿ ನಿಲ್ಲಿಸಿದರೆ ಅದೇ ಚಕ್ರ ಮತ್ತೆ ತಿರುಗುತ್ತದೆ. ಆ ಹೊತ್ತಿನಲ್ಲಿ ವಾಹನ ಓಡಿಸಬೇಡಿ. ದಿನಕ್ಕೆ ಐದಾರು ಚಿಕ್ಕ ಊಟ, ಪ್ರತಿಯೊಂದರಲ್ಲೂ ಪ್ರೋಟೀನು ಮೊದಲು, ನೀರು ಊಟಕ್ಕೆ ಅರ್ಧ ಗಂಟೆಯ ಅಂತರದಲ್ಲಿ. ಇಷ್ಟರಿಂದಲೇ ಬಹಳ ಜನರಿಗೆ ಇಳಿಯುತ್ತದೆ, ಇಳಿಯದಿದ್ದರೆ ಔಷಧಿಗಳಿವೆ. ಮಾತು ತೊದಲಿದರೆ ಅಥವಾ ಪ್ರಜ್ಞೆ ತಪ್ಪಿದರೆ ಕಾಯಬಾರದು.

ಹೆದರಿಕೆಗೆ ಒಂದು ಮಾತು. ತಿಂದರೆ ನರಳುತ್ತೇನೆ ಎಂದು ತಿನ್ನುವುದನ್ನೇ ಬಿಟ್ಟರೆ, ಮುಂದೆ ತಿಂದದ್ದು ಇನ್ನೂ ಜೋರಾಗಿ ತಟ್ಟುತ್ತದೆ. ಯಾವ ತಿನಿಸಿಗೆ ಎಷ್ಟು ಹೊತ್ತಿಗೆ ಏನಾಯಿತು ಎಂಬ ನಿಮ್ಮ ಬರಹ ಎರಡು ವಾರ ತುಂಬುವ ಹೊತ್ತಿಗೆ, ಈಗ ಎಲ್ಲ ಊಟದ ಮೇಲೂ ಹರಡಿರುವ ಭಯ ಮೂರು ನಾಲ್ಕು ತಿನಿಸುಗಳ ಮೇಲೆ ಬಂದು ನಿಲ್ಲುತ್ತದೆ.

ಪ್ರಶ್ನೆ: ನನ್ನ ಹೆಂಡತಿಗೆ ಸ್ಲೀವ್ ಆಗಿ ಎರಡು ತಿಂಗಳು. ಮೂರು ವಾರಗಳಿಂದ ತಿಂದದ್ದೆಲ್ಲ ವಾಂತಿ. ತೂಕ ಬೇಗ ಇಳಿಯುತ್ತಿದೆ ಎಂದು ಅವಳಿಗೆ ಒಳಗೊಳಗೇ ಸಮಾಧಾನ. ಈಗ ನಡೆಯುವಾಗ ತೂರಾಡುತ್ತಾಳೆ, ಎರಡೆರಡು ಕಾಣುತ್ತದೆ ಎನ್ನುತ್ತಾಳೆ.

ಉತ್ತರ: ಈ ಪತ್ರ ಕೈಗೆ ಬಂದ ಕೂಡಲೇ ಇವರಿಗೆ ನೇರವಾಗಿ ಉತ್ತರ ಕಳಿಸಿದ್ದೇನೆ. ಇಂಥ ಸ್ಥಿತಿಯಲ್ಲಿರುವ ಬೇರೆಯವರಿಗಾಗಿ ಇಲ್ಲಿಯೂ ಪ್ರಕಟಿಸುತ್ತಿದ್ದೇನೆ. ಇಂದೇ, ಈಗಲೇ ಆಸ್ಪತ್ರೆಗೆ ಕರೆದೊಯ್ಯಿರಿ. ದೇಹದಲ್ಲಿ ಥಯಾಮಿನ್ ಎಂಬ ಬಿ1 ಜೀವಸತ್ವದ ಸಂಗ್ರಹ ಕೆಲವೇ ವಾರಗಳಿಗೆ ಸಾಕಾಗುವಷ್ಟಿರುತ್ತದೆ. ವಾಂತಿ ನಿಲ್ಲದಿದ್ದರೆ ಅದು ಬರಿದಾಗಿ ಮೆದುಳಿಗೆ ಪೆಟ್ಟು ಬೀಳುತ್ತದೆ. ತೂರಾಟ, ಎರಡೆರಡಾಗಿ ಕಾಣುವುದು ಮತ್ತು ಗೊಂದಲ ಅದರ ಗುರುತುಗಳು. ತಡವಾದರೆ ನೆನಪಿನ ಶಕ್ತಿಗೆ ಶಾಶ್ವತ ಹಾನಿಯಾಗಬಹುದು. ತುರ್ತು ವಿಭಾಗದಲ್ಲಿ "ತೂಕ ಇಳಿಸುವ ಶಸ್ತ್ರಚಿಕಿತ್ಸೆಯಾಗಿದೆ, ಮೂರು ವಾರದಿಂದ ವಾಂತಿಯಿದೆ" ಎಂದು ಮೊದಲ ಮಾತಿನಲ್ಲೇ ಹೇಳಿ, ಥಯಾಮಿನ್ ಬಗ್ಗೆ ಕೇಳಿ. ಅದನ್ನು ಕೊಡದೆ ಗ್ಲೂಕೋಸ್ ಡ್ರಿಪ್ ಹಾಕಿದರೆ ಸ್ಥಿತಿ ಇನ್ನಷ್ಟು ಕೆಡಬಹುದು. ವಾಂತಿಗೆ ಕಾರಣ ಕೊಳವೆ ಕಿರಿದಾದದ್ದೋ ಬೇರೆಯೋ ಎಂಬುದನ್ನು ಆಮೇಲೆ ನೋಡುತ್ತಾರೆ.

ವಾಂತಿಯಿಂದ ಸಮಾಧಾನಪಡುವ ಮನಸ್ಸಿನ ಬಗ್ಗೆ ಅವರೊಂದಿಗೆ ಮಾತಾಡುವ ಕಾಲ ಮುಂದೆ ಬರುತ್ತದೆ. ಅವರು ಚೇತರಿಸಿಕೊಂಡ ಮೇಲೆ ಗದರಿಸದೆ, ಆಸ್ಪತ್ರೆಯ ಮನಶ್ಶಾಸ್ತ್ರಜ್ಞರ ಬಳಿ ಜೊತೆಯಾಗಿ ಹೋಗಿ.

ಪ್ರಶ್ನೆ: 52 ಕಿಲೋ ಇಳಿದಿದ್ದೇನೆ. ಕನ್ನಡಿಯಲ್ಲಿ ಈಗಲೂ ಹಳೆಯ ನಾನೇ ಕಾಣುತ್ತೇನೆ, ಬಾಗಿಲಲ್ಲಿ ಈಗಲೂ ಅಡ್ಡಡ್ಡವಾಗಿ ತೂರುತ್ತೇನೆ. ಹೊಟ್ಟೆ ಮತ್ತು ತೋಳಿನ ಚರ್ಮ ಜೋತುಬಿದ್ದಿದೆ. ಮೊದಲು ಮುಖ ಕೊಟ್ಟು ಮಾತಾಡದವರು ಈಗ ಬಂದು ಹೊಗಳುತ್ತಾರೆ, ಸಿಟ್ಟು ಬರುತ್ತದೆ. ಗಂಡ ಮಾತ್ರ ಮೊದಲಿನ ಸಲುಗೆಯಿಲ್ಲದೆ ದೂರವಾಗಿದ್ದಾರೆ. ತೆಳ್ಳಗಾದರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡಿದ್ದೆ.

ಉತ್ತರ: ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ, ಅದು ನ್ಯಾಯವಾದದ್ದೂ ಹೌದು. ಇಂದು ಮುಖವರಳಿಸಿ ಮಾತಾಡುವವರು ಅಂದು ನಿಮ್ಮನ್ನು ನೋಡಿಯೂ ನೋಡದಂತೆ ಹೋಗಿದ್ದರು ಎಂಬುದು ಹೊಗಳಿಕೆಯೊಳಗೇ ಸೇರಿ ಬರುತ್ತದೆ. ಆ ಹಳೆಯ ದೇಹದಲ್ಲಿದ್ದವರೂ ನೀವೇ ಆಗಿರುವುದರಿಂದ ಆ ಹೊಗಳಿಕೆ ಅರ್ಧ ಅವಮಾನದಂತೆ ಕೇಳಿಸುತ್ತದೆ. "ಚೆನ್ನಾಗಿದ್ದೇನೆ, ದೇಹದ ವಿಷಯ ಬಿಟ್ಟು ಬೇರೆ ಮಾತಾಡೋಣ" ಎಂದು ಹೇಳುವ ಹಕ್ಕು ನಿಮಗಿದೆ. ಶಸ್ತ್ರಚಿಕಿತ್ಸೆಯ ವಿಷಯವನ್ನು ಯಾರಿಗೆ ಹೇಳಬೇಕು, ಯಾರಿಗೆ ಬೇಡ ಎಂಬುದೂ ನಿಮ್ಮ ತೀರ್ಮಾನ.

ಮೆದುಳಿನಲ್ಲಿ ನಮ್ಮ ದೇಹದ ಒಂದು ನಕಾಶೆ ಇರುತ್ತದೆ. ದಶಕಗಳಲ್ಲಿ ರೂಪುಗೊಂಡ ಆ ನಕಾಶೆ ಒಂದು ವರ್ಷದಲ್ಲಿ ಇಳಿದ ತೂಕದ ವೇಗಕ್ಕೆ ತಿದ್ದಿಕೊಳ್ಳುವುದಿಲ್ಲ. ಕನ್ನಡಿಯೊಂದಿಗೆ ವಾದ ಮಾಡಿ ಪ್ರಯೋಜನವಿಲ್ಲ. ಅಳತೆಗಳು ಹೆಚ್ಚು ನೆರವಾಗುತ್ತವೆ: ಹಳೆಯ ಬಟ್ಟೆಯನ್ನು ಹೊಸ ಬಟ್ಟೆಯ ಪಕ್ಕದಲ್ಲಿ ಹಾಸಿ ನೋಡುವುದು, ಕುರ್ಚಿಯಲ್ಲಿ ಕುಳಿತಾಗ ಎರಡೂ ಬದಿಯಲ್ಲಿ ಉಳಿದ ಜಾಗವನ್ನು ಕೈಯಿಂದ ಮುಟ್ಟಿ ನೋಡುವುದು. ಜೋತುಬಿದ್ದ ಚರ್ಮ ವ್ಯಾಯಾಮದಿಂದ ಹೋಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ವ್ಯಾಯಾಮ ಸ್ನಾಯುವನ್ನು ಬೆಳೆಸುತ್ತದೆ, ಅತಿಯಾಗಿ ಹಿಗ್ಗಿದ ಚರ್ಮವನ್ನು ಕುಗ್ಗಿಸಲಾರದು. ಮಡಿಕೆಗಳಲ್ಲಿ ಹುಣ್ಣು, ದದ್ದು ಆಗುತ್ತಿದ್ದರೆ ಅದು ಅಂದದ ವಿಷಯವಷ್ಟೇ ಆಗಿ ಉಳಿಯುವುದಿಲ್ಲ, ವೈದ್ಯರಿಗೆ ತೋರಿಸಿ. ಚರ್ಮ ತೆಗೆಯುವ ಶಸ್ತ್ರಚಿಕಿತ್ಸೆಯನ್ನು ಸಾಮಾನ್ಯವಾಗಿ ಒಂದರಿಂದ ಒಂದೂವರೆ ವರ್ಷದ ನಂತರ, ತೂಕ ಕೆಲವು ತಿಂಗಳು ಒಂದೇ ಕಡೆ ನಿಂತ ಮೇಲೆ ಮಾಡುತ್ತಾರೆ. ಅದರ ಗಾಯದ ಗುರುತು ಉದ್ದವಾಗಿರುತ್ತದೆ ಎಂಬುದನ್ನು ಮೊದಲೇ ತಿಳಿದುಕೊಂಡು ತೀರ್ಮಾನಿಸಿ.

ದಾಂಪತ್ಯದ ಬಗ್ಗೆ ಮುಚ್ಚಿಡದೆ ಹೇಳುತ್ತೇನೆ. 2018ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನವೊಂದರಲ್ಲಿ, ಈ ಶಸ್ತ್ರಚಿಕಿತ್ಸೆಯ ನಂತರ ಒಂಟಿಯಾಗಿದ್ದವರು ಹೊಸ ಸಂಬಂಧಕ್ಕೆ ಹೋಗುವುದೂ ಜೊತೆಯಿದ್ದವರು ಬೇರೆಯಾಗುವುದೂ ಎರಡೂ ಹೆಚ್ಚಿದ್ದು ಕಂಡುಬಂದಿತ್ತು. ಇದನ್ನು ನಿಮ್ಮ ಮನೆಯ ಭವಿಷ್ಯ ಎಂದು ಓದಬೇಡಿ. ಒಬ್ಬರ ದೇಹ, ಊಟ, ಆತ್ಮವಿಶ್ವಾಸ, ತಿರುಗಾಟ ಎಲ್ಲವೂ ಒಂದೇ ವರ್ಷದಲ್ಲಿ ಬದಲಾದಾಗ ಇಬ್ಬರ ನಡುವಿನ ಹಳೆಯ ಒಪ್ಪಂದ ಅಲುಗುತ್ತದೆ. ಒಟ್ಟಿಗೆ ತಿನ್ನುವುದೇ ಸಲುಗೆಯ ಮುಖ್ಯ ರೂಪವಾಗಿದ್ದ ಮನೆಯಲ್ಲಿ ಆ ಹೊತ್ತು ಖಾಲಿಯಾಗುತ್ತದೆ. ನಿಮ್ಮ ಪತಿಗೆ ನಿಮ್ಮನ್ನು ಕಳೆದುಕೊಳ್ಳುವ ಭಯವಿರಬಹುದು, ಅಥವಾ ನಿಮ್ಮ ಹೊಸ ದೇಹವನ್ನು ಹೇಗೆ ಮುಟ್ಟಬೇಕೆಂದು ತಿಳಿಯದೆ ಹಿಂಜರಿಯುತ್ತಿರಬಹುದು. ನೀವು ಕೇಳದೆ ಅದು ಗೊತ್ತಾಗುವುದಿಲ್ಲ. ಊಟವಿಲ್ಲದ ಒಂದು ಹೊತ್ತನ್ನು, ಸಂಜೆಯ ನಡಿಗೆಯನ್ನಾದರೂ, ಇಬ್ಬರೂ ಸೇರಿ ಉಳಿಸಿಕೊಳ್ಳಿ. "ನೀವು ದೂರವಾದಂತೆ ಅನ್ನಿಸುತ್ತಿದೆ, ಏನನ್ನಿಸುತ್ತಿದೆ ಹೇಳಿ" ಎಂದು ಅಲ್ಲಿ ಕೇಳಿ.

ಪ್ರಶ್ನೆ: ಮೊದಲು ಅಪರೂಪಕ್ಕೆ ಕುಡಿಯುತ್ತಿದ್ದೆ. ಬೈಪಾಸ್ ಆಗಿ ಎರಡು ವರ್ಷದ ಮೇಲೆ ಈಗ ವಾರಕ್ಕೆ ನಾಲ್ಕು ದಿನ ಆಗುತ್ತಿದೆ. ಒಂದು ಗ್ಲಾಸಿಗೇ ತಲೆಗೇರುತ್ತದೆ. ಇದಕ್ಕೂ ಶಸ್ತ್ರಚಿಕಿತ್ಸೆಗೂ ಸಂಬಂಧವಿದೆಯೇ?

ಉತ್ತರ: ಇದೆ. ಬೈಪಾಸ್ ನಂತರ ಮದ್ಯ ಕರುಳನ್ನು ಬೇಗ ತಲುಪಿ, ರಕ್ತದಲ್ಲಿ ಬೇಗ ಮತ್ತು ಹೆಚ್ಚಿನ ಮಟ್ಟಕ್ಕೆ ಏರುತ್ತದೆ. ಒಂದು ಗ್ಲಾಸು ಮೊದಲಿನ ಎರಡರ ಕೆಲಸ ಮಾಡುತ್ತದೆ. ಅಮೆರಿಕದ ಹತ್ತು ಆಸ್ಪತ್ರೆಗಳ ರೋಗಿಗಳನ್ನು ಅನುಸರಿಸಿ 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮದ್ಯದ ಸಮಸ್ಯೆಯಿದ್ದವರ ಪ್ರಮಾಣ ಶಸ್ತ್ರಚಿಕಿತ್ಸೆಗೆ ಮುಂಚೆ ಶೇಕಡಾ 7.6 ಇತ್ತು. ಮೊದಲ ವರ್ಷ ಹೆಚ್ಚೇನೂ ಬದಲಾಗದೆ, ಎರಡನೆಯ ವರ್ಷದಲ್ಲಿ 9.6ಕ್ಕೆ ಏರಿತ್ತು. ಎಚ್ಚರಿಕೆ ಸಡಿಲವಾಗುವ ಹೊತ್ತಿಗೇ ಇದು ಬರುತ್ತದೆ ಎಂಬುದನ್ನು ಗಮನಿಸಿ. ಊಟದಿಂದ ಸಿಗುತ್ತಿದ್ದ ಸಮಾಧಾನವನ್ನು ಮನಸ್ಸು ಬೇರೆಡೆ ಹುಡುಕುತ್ತದೆ ಎಂಬುದೂ ನಿಜ. ಆದರೆ ನಿಮ್ಮ ಸ್ವಭಾವವೇ ಕೆಟ್ಟಿತು ಎಂದು ಭಾವಿಸಬೇಡಿ, ರಕ್ತಕ್ಕೆ ಸೇರುವ ವೇಗವೇ ಚಟಕ್ಕೆ ದಾರಿ ಮಾಡಿಕೊಡುತ್ತದೆ.

ನಾಲ್ಕು ದಿನವನ್ನು ಎರಡಕ್ಕೆ ಇಳಿಸುತ್ತೇನೆ ಎಂಬ ಲೆಕ್ಕ ನಿಮ್ಮ ವಿಷಯದಲ್ಲಿ ಕೆಲಸ ಮಾಡುತ್ತದೆಂದು ನನಗೆ ಅನ್ನಿಸುವುದಿಲ್ಲ. ಪೂರ್ತಿ ನಿಲ್ಲಿಸುವುದೇ ಸರಿ. ಆದರೆ ದಿನವೂ ಕುಡಿಯುವ ಮಟ್ಟಕ್ಕೆ ಹೋಗಿದ್ದರೆ ಒಮ್ಮೆಲೇ ನಿಲ್ಲಿಸುವುದು ಅಪಾಯ. ವೈದ್ಯರ ನಿಗಾದಲ್ಲಿ, ಥಯಾಮಿನ್ ಸಹಿತ ನಿಲ್ಲಿಸಬೇಕು. ಕುಡಿದು ಒಂದೆರಡು ಗಂಟೆ ಕಳೆದ ಮೇಲೂ ವಾಹನ ಮುಟ್ಟಬೇಡಿ.

ಪ್ರಶ್ನೆ: ಅಮ್ಮನಿಗೆ ಕಳೆದ ತಿಂಗಳು ಶಸ್ತ್ರಚಿಕಿತ್ಸೆಯಾಯಿತು. ಊಟದ ಹೊತ್ತಿಗೆ ಏನು ಹೇಳಿದರೂ ಅವರಿಗೆ ನೋವಾಗುತ್ತದೆ. "ಇನ್ನೊಂದು ತುತ್ತು" ಎಂದರೂ ತಪ್ಪು, "ಸಾಕು ಬಿಡಿ" ಎಂದರೂ ತಪ್ಪು. ನಾವು ಮಕ್ಕಳು ಹೇಗಿರಬೇಕು?

ಉತ್ತರ: ಎರಡೂ ಮಾತನ್ನು ಬಿಟ್ಟುಬಿಡಿ. ಅವರ ತಟ್ಟೆಯಲ್ಲಿ ಎಷ್ಟಿದೆ, ಎಷ್ಟು ಉಳಿಯಿತು ಎಂಬುದನ್ನು ಯಾರೂ ಎಣಿಸದಿರಲಿ. ಅವರಿಗೆ ಚಿಕ್ಕ ತಟ್ಟೆ, ಚಿಕ್ಕ ಚಮಚ ಇರಲಿ. ನೀವು ಊಟ ಮುಗಿಸುವ ಹೊತ್ತಿಗೆ ಅವರ ಮೂರು ಚಮಚವೂ ಮುಗಿಯುವಂತೆ, ನೀವೇ ನಿಧಾನವಾಗಿ ಅಗಿದು ಉಣ್ಣಿ. ಮೊದಲ ವಾರಗಳಲ್ಲಿ ದ್ರವ, ಆಮೇಲೆ ಮೆದು ಆಹಾರ ಎಂಬ ಹಂತಗಳನ್ನು ಆಸ್ಪತ್ರೆಯಲ್ಲಿ ಬರೆದುಕೊಟ್ಟಿರುತ್ತಾರೆ. ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನಿನ ಗುರಿಯನ್ನೂ ಸಾಮಾನ್ಯವಾಗಿ ಹೇಳಿರುತ್ತಾರೆ. ಆ ಹಾಳೆಯನ್ನು ಅವರ ಕೈಯಲ್ಲೇ ಇರಲು ಬಿಡಿ. ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆಗಳ ನಡುವೆ ಎರಡು ಗಂಟೆಯ ಅಂತರವಿರಬೇಕು. ನೆರವು ಬೇಕೆಂದರೆ ಅದರ ಹೊತ್ತನ್ನು ನೆನಪಿಸುವ ಕೆಲಸವನ್ನು ನೀವು ವಹಿಸಿಕೊಳ್ಳಬಹುದು. ಮೂರರಿಂದ ಆರು ತಿಂಗಳ ನಡುವೆ ಕೂದಲು ಉದುರಿದರೆ ಗಾಬರಿಯಾಗದಂತೆ ಈಗಲೇ ಹೇಳಿಟ್ಟಿರಿ. ತೂಕ ಬೇಗ ಇಳಿದಾಗ ಹಾಗಾಗುತ್ತದೆ, ಪೋಷಣೆ ಸರಿಯಿದ್ದರೆ ಮತ್ತೆ ಬೆಳೆಯುತ್ತದೆ.

ಊಟ ಮುಗಿದ ಮೇಲೆ ಅವರನ್ನು ಅಡುಗೆಮನೆಯಲ್ಲಿ ಒಬ್ಬರನ್ನೇ ಬಿಟ್ಟು ಏಳಬೇಡಿ. ಉಳಿದ ಅಡುಗೆಯನ್ನು ನೀವು ಎತ್ತಿಡಿ, ಅವರು ಪಕ್ಕದಲ್ಲಿ ಕುಳಿತು ಆ ದಿನದ ಮಾತಾಡಲಿ.